ಬಲಗಡೆ ರಾಡಿನ ನಂಬರ್

ನಂದು ದಾವಣಗೆರೆ, ಕೆಲಸ ಬಾಯ್ಲರ್ ರಿಪೇರಿ. ಹರಿಹರ, ಮಲೇಬೆನ್ನೂರು ಕಡೆ ರೈಸ್ ಮಿಲ್‌ಗಳು, ಚಳ್ಳಕೆರೆ ಕಡೆ ಒಂದೆರಡು ಎಣ್ಣೆ ಮಿಲ್, ಇಷ್ಟೇ ನಮ್ಮ ಪ್ರಪಂಚ. ಟ್ಯೂಬ್ ಬದಲಾಯಿಸೋದು, ನೀರಿನ ಉಪ್ಪು ಗಟ್ಟಿಯಾಗಿ ಕಟ್ಟಿರೋ ಸ್ಕೇಲ್ ಕೆತ್ತೋದು, ಇನ್‌ಸ್ಪೆಕ್ಷನ್‌ಗೆ ರೆಡಿ ಮಾಡಿಕೊಡೋದು. ಮೈ ತುಂಬಾ ಹೊಟ್ಟಿನ ಬೂದಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ಮತ್ತೆ ಬೆಳಗ್ಗೆ ಅದೇ.

ಈ ಸ್ಟೀಮ್ ಇಂಜಿನ್ ಹುಚ್ಚು ಮಾತ್ರ ಚಿಕ್ಕಂದಿನಿಂದ. ಅಶೋಕ ಟಾಕೀಸ್ ರೈಲ್ವೆ ಗೇಟ್ ಹತ್ರ ನಿಂತ್ಕೊಂಡು ಮೀಟರ್ ಗೇಜ್ ರೈಲು ನೋಡ್ತಿದ್ದ ಕಥೆನ ನಮ್ಮಪ್ಪ ಅದೆಷ್ಟು ಸಲ ಹೇಳಿದ್ರೋ. ಗೇಟ್ ಬಿತ್ತು ಅಂತ ಈಗ ಬೈಕೋತಾ ನಿಲ್ತೀವಲ್ಲ, ಅವಾಗ ನೋಡಾಕೇ ನಿಲ್ತಿದ್ವಿ ಅಂತಿದ್ರು. ಆಮೇಲೆ ಸ್ಕೂಲ್ ಟ್ರಿಪ್‌ನಲ್ಲಿ ಮೈಸೂರಿನ ರೈಲ್ ಮ್ಯೂಸಿಯಂಗೆ ಕರ್ಕೊಂಡು ಹೋದ್ರು, 1979ರಲ್ಲಿ ಶುರುವಾಗಿದ್ದು ಅದು, ಅರಮನೆ ನೋಡಿದ್ದು ಮರ್ತೋಗಿದೆ, ಇಂಜಿನ್ ಹತ್ತಿ ಇಳಿದಿದ್ದು ಮಾತ್ರ ನೆನಪಿದೆ.

ಹಿಂಗಿರೋನಿಗೆ ಕೆಲವು ವರ್ಷದ ಹಿಂದೆ ಒಂದು ಫೋನ್ ಬಂತು. ಒಂದು ಕಡೆ ಕಟ್ಟೆ ಮೇಲೆ ಪ್ರದರ್ಶನಕ್ಕೆ ನಿಲ್ಲಿಸಿರೋ ವೈಪಿ ಇಂಜಿನ್ ಐತೆ, ತುಕ್ಕು ತೆಗೆದು ಪೇಂಟ್ ಹೊಡೆದು ಕೊಡ್ತೀರಾ ಅಂತ. ಊರಿನ ಹೆಸರು ಬೇಡ, ಯಾಕಂತ ಮುಂದೆ ಗೊತ್ತಾಗುತ್ತೆ. ನಾನು ರೇಟ್ ಕೂಡ ಸರಿಯಾಗಿ ಕೇಳಲಿಲ್ಲ, ಇಬ್ಬರು ಹುಡುಗರನ್ನ, ಎರಡು ಗ್ರೈಂಡರ್‌ನ ಹಾಕ್ಕೊಂಡು ಹೊರಟೇ ಬಿಟ್ಟೆ.

ವೈಪಿ ಅಂದ್ರೆ ಮೀಟರ್ ಗೇಜಿನ ಪ್ಯಾಸೆಂಜರ್ ಇಂಜಿನ್. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಒಟ್ಟು 871 ಕಟ್ಟಿದ್ರು, ಅದರಲ್ಲಿ ತುಂಬಾ ಜಮ್ಷೆಡ್‌ಪುರದ ಟೆಲ್ಕೋದಲ್ಲೇ ಆಗಿದ್ದು, ಈಗ ಲಾರಿ ಮಾಡೋ ಕಂಪನಿ. ಪ್ರೆಶರ್ ಚದರ ಇಂಚಿಗೆ 210 ಪೌಂಡ್, ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರ್‌ಗೆ ಹದಿನಾಲ್ಕು ಮುಕ್ಕಾಲು ಕೆಜಿ ಹತ್ರ. ನಮ್ಮ ಮಿಲ್ ಬಾಯ್ಲರ್‌ಗಳು ಸಾಮಾನ್ಯವಾಗಿ ಹತ್ತೂವರೆ. ಹತ್ತೂವರೆ ಇದ್ದಾಗಲೇ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸ್ ಮೇಲಿಂದ ಕಣ್ಣು ಕೀಳಲ್ಲ ನಾವು, ಇವರು ಹದಿನಾಲ್ಕು ಮುಕ್ಕಾಲು ಇಟ್ಕೊಂಡು ಅಲ್ಲಾಡೋ ಇಂಜಿನ್ ಮೇಲೆ ನಿಂತು ಕಲ್ಲಿದ್ದಲು ಎಸೀತಿದ್ರಲ್ಲ ಅಂತ ಅನ್ನಿಸ್ತು.

ಹುಬ್ಬಳ್ಳಿ ವರ್ಕ್‌ಶಾಪಿಂದ ರಿಟೈರ್ ಆದ ಒಬ್ಬ ಫಿಟ್ಟರ್ ಅಜ್ಜಾರನ್ನ ಮೇಲುಸ್ತುವಾರಿಗೆ ಅಂತ ಕೆಲಸ ಕೊಟ್ಟವರೇ ಕರೆಸಿದ್ರು. ಮೊದಲನೇ ದಿನ ಬಂದವರು ಪೇಂಟ್ ನೋಡಲೇ ಇಲ್ಲ. ಸೀದಾ ಮುಂದೆ ಹೋಗಿ ಚಿಮಣಿ ಕೆಳಗಿನ ಸ್ಮೋಕ್ ಬಾಕ್ಸ್ ಬಾಗಿಲು ತೆಗೆಸಿದ್ರು. ಒಳಗೆ ತಳದ ತಗಡಿಗೆ ಬೆರಳಲ್ಲಿ ಒತ್ತಿದ್ರು, ಬೆರಳು ಹಪ್ಪಳದೊಳಗೆ ಹೋದಂಗೆ ಹೋಯ್ತು. ಇಂಜಿನ್ ನಿಲ್ಲಿಸೋವಾಗ ಬೂದಿ ಪೂರ್ತಿ ತೆಗೆದಿಲ್ಲ, ಚಿಮಣಿ ಬಾಯಿ ಮುಚ್ಚಿಲ್ಲ, ವರ್ಷಾನುಗಟ್ಟಲೆ ಮಳೆ ನೀರು ಒಳಗೆ ಬಿದ್ದು ಬೂದಿ ಜೊತೆ ಸೇರಿ ಆಸಿಡ್ ಆಗಿ ತಗಡು ತಿಂದಿದೆ. ಹೊರಗೆ ಮಾತ್ರ ಪೇಂಟ್ ಮೇಲೆ ಪೇಂಟ್. ಕಟ್ಟೆ ಮೇಲೆ ನಿಲ್ಲಿಸಿದ ಇಂಜಿನ್‌ಗಳನ್ನ ನಮ್ಮಲ್ಲಿ ನೋಡ್ಕೊಳ್ಳೋದೇ ಹಿಂಗೆ ಅಂತ ನನಗನ್ನಿಸುತ್ತೆ, ಮುಖಕ್ಕೆ ಪೌಡರ್, ಹೊಟ್ಟೆಗೆ ಇಲ್ಲ.

ಅವತ್ತೇ ನಾನು ಇನ್ನೊಂದು ದಡ್ಡತನ ಮಾಡ್ತಿದ್ದೆ. ಫಯರ್ ಬಾಕ್ಸ್ ಪಕ್ಕದ ಪ್ಲೇಟಿನಲ್ಲಿ ಸ್ಟೇ ಬೋಲ್ಟ್‌ಗಳ ತಲೆ ಸಾಲಾಗಿ ಕಾಣ್ತವೆ, ಒಂದೊಂದು ತಲೆಯ ನಟ್ಟನಡುವೆ ಸಣ್ಣ ತೂತು. ತುಕ್ಕು ತಿಂದಿರೋ ತೂತು ಅಂದ್ಕೊಂಡು ಹುಡುಗನಿಗೆ ವೆಲ್ಡಿಂಗ್‌ನಲ್ಲಿ ತುಂಬಿಸಪ್ಪಾ ಅಂದೆ. ಅಜ್ಜಾರು "ಏ ತಮ್ಮಾ, ಏನ್ ಮಾಡಾಕತ್ತೀಯೋ" ಅಂತ ಕೂಗಿದ್ರು. ಅದು ಬೇಕಂತಲೇ ಕೊರೆದ ತೂತಂತೆ. ಒಳಗಿನ ಫಯರ್ ಬಾಕ್ಸ್‌ಗೂ ಹೊರಗಿನ ಪ್ಲೇಟಿಗೂ ನಡುವೆ ನೀರು, ಎರಡನ್ನೂ ಹಿಡಿದಿಡೋದೇ ಈ ಸ್ಟೇಗಳು. ಒಂದು ಸ್ಟೇ ಒಳಗೆ ತುಂಡಾದ್ರೆ ಆ ತೂತಲ್ಲಿ ನೀರು ಚಿಮ್ಮುತ್ತೆ, ಡ್ರೈವರ್‌ಗೆ ಗೊತ್ತಾಗುತ್ತೆ. ಸುತ್ತಿಗೆಯಲ್ಲಿ ಬಡಿದು ತೋರಿಸಿದ್ರು, ಗಟ್ಟಿ ಇರೋದು ಠಣ್ ಅಂತು, ಮುರಿದಿರೋದು ದಬ್ ಅಂತು. ಹದಿನೈದು ವರ್ಷ ಬಾಯ್ಲರ್ ಕೆಲಸ ಮಾಡಿದ್ದೀನಿ, ನಮ್ಮ ಮಿಲ್ ಬಾಯ್ಲರ್‌ಗಳಲ್ಲಿ ಈ ತೂತು ನಾನು ನೋಡೇ ಇರಲಿಲ್ಲ.

ಬಾಯ್ಲರ್ ಸುತ್ತಿರೋ ತಗಡಿನ ಒಳಗೆ ಬಿಳಿ ಹತ್ತಿ ತರಹ ಕಾಣ್ತಿತ್ತು. ಹುಡುಗ ಬರಿಗೈಯಲ್ಲಿ ಕೀಳೋಕೆ ಹೋದ, ಅದಕ್ಕೂ ಬೈಗುಳ. ಕಲ್ನಾರು ಅದು, ಧೂಳು ಎದೆಗೆ ಹೋದ್ರೆ ವಾಪಸ್ ಬರಲ್ಲ. ಆ ತಗಡನ್ನ ಹಂಗೇ ಮುಚ್ಚಿ ಬಿಟ್ವಿ.

ಈಗ ನನ್ನ ನಿಜವಾದ ತಪ್ಪಿಗೆ ಬರ್ತೀನಿ. ಮಾರನೇ ದಿನ ಅಜ್ಜಾರಿಗೆ ಮೈ ಹುಷಾರಿರಲಿಲ್ಲ, ಬರಲಿಲ್ಲ. ನನಗೋ ಗಾಲಿ ಮೇಲಿನ ರಾಡ್‌ಗಳ ಮೇಲೇ ಕಣ್ಣು, ಕನೆಕ್ಟಿಂಗ್ ರಾಡು, ಗಾಲಿಗೆ ಗಾಲಿ ಜೋಡಿಸೋ ಕಪ್ಲಿಂಗ್ ರಾಡು. ಇಂಜಿನ್ ಚೆಂದ ಇರೋದೇ ಅಲ್ಲಿ. ಬಲಗಡೆ ಪೂರ್ತಿ ನಾನೇ ಕೈಯಾರೆ ಗ್ರೈಂಡರ್ ಹಿಡಿದು ಹೊಳಪು ಬರಿಸಿದೆ. ಸಂಜೆ ಬಿಸಿಲಿಗೆ ಹೆಂಗೆ ಮಿಂಚ್ತಿತ್ತು ಅಂದ್ರೆ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ದೆ, ಹರಿಹರದಿಂದ ಒಬ್ಬ ಮಿಲ್ ಯಜಮಾನ್ರು ಫೋನ್ ಮಾಡಿ ಶಹಬ್ಬಾಸ್ ಅಂದ್ರು.

ಬೆಳಗ್ಗೆ ಅಜ್ಜಾರು ಬಂದು ಎಡಗಡೆ ಕೂತ್ರು. ಸೀಮೆಎಣ್ಣೆ ಬಟ್ಟೆ, ಕೈ ಬ್ರಷ್ಷು, ಅಷ್ಟೇ. ಅರ್ಧ ಗಂಟೆ ತಿಕ್ಕಿ ನನ್ನ ಕರೆದ್ರು. ರಾಡಿನ ಮೇಲೆ ಪಂಚ್ ಹೊಡೆದ ನಾಲ್ಕಂಕಿ ನಂಬರ್. ಮುಂದಿನ ಕಪ್ಲಿಂಗ್ ರಾಡಲ್ಲಿ ಒಂದು ನಂಬರ್, ಹಿಂದಿನದ್ರಲ್ಲಿ ಇನ್ನೊಂದು, ಎರಡೂ ಡ್ರೈವರ್ ನಿಲ್ಲೋ ಕ್ಯಾಬ್ ಮೇಲೆ ಬರೆದಿರೋ ನಂಬರ್ ಅಲ್ಲ. ವರ್ಕ್‌ಶಾಪಲ್ಲಿ ನಾಲ್ಕಾರು ಇಂಜಿನ್ ಒಟ್ಟಿಗೆ ಬಿಚ್ಚಿರ್ತಿದ್ರಂತೆ, ಯಾವುದಕ್ಕೆ ಯಾವುದು ಹೊಂದುತ್ತೋ ಅದು ಹತ್ತುತ್ತಿತ್ತು, ಹಳೇ ನಂಬರ್ ಹಂಗೇ ಉಳೀತಿತ್ತು. ಅಂದ್ರೆ ಈ ಒಂದು ಇಂಜಿನ್‌ನಲ್ಲಿ ಕನಿಷ್ಠ ಮೂರು ಇಂಜಿನ್ ಇದೆ.

ಹಳೇ ಇಂಜಿನ್‌ಗೆ ಹೊಸ ಬಾಯ್ಲರ್ ಹಾಕಿದ್ರೆ ಅದು ಅದೇ ಇಂಜಿನ್ನಾ ಅಂತ ಈ ಹುಚ್ಚಿನವರು ಜಗಳ ಆಡೋದು ಕೇಳಿದ್ದೀನಿ. 1855ರ ಫೇರಿ ಕ್ವೀನ್ ಅನ್ನೋ ಇಂಜಿನ್ 1997ರಲ್ಲಿ ಮತ್ತೆ ಓಡ್ತಲ್ಲ, ಅದನ್ನ ಹಿಡ್ಕೊಂಡೇ ಶುರು ಮಾಡ್ತಾರೆ. ಊಟಿ ರೈಲಿನದಂತೂ ಇನ್ನೂ ಮಜಾ, ಮೊದಲು ಸ್ವಿಟ್ಜರ್ಲೆಂಡಿಂದ ತರಿಸ್ತಿದ್ದ ಇಂಜಿನ್‌ನ ಆಮೇಲೆ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಲ್ಲೇ ಹೊಸದಾಗಿ ಕಟ್ಟಿದ್ರು. ಅಜ್ಜಾರಿಗೆ ಇದು ಜಗಳಾನೇ ಅಲ್ಲ. "ಓಡೂ ಇಂಜಿನ್ ಅಂದ್ರ ಮೈ ಬದಲಾಗೂದs, ಏನೇನ್ ಬದಲಾತು ಅಂತ ನಂಬರ್ ಹೇಳತೈತಿ" ಅಂದ್ರು. ಹೇಳಿ ಎದ್ದು, ಸೊಂಟ ಹಿಡ್ಕೊಂಡು, "ಬಲಗಡೆ ಏನೈತಿ ನೋಡ್ಕೊಂಡ್ ಬಾ" ಅಂದ್ರು.

ಬಲಗಡೆ ನನ್ನ ಮುಖ ಇತ್ತು. ಕನ್ನಡಿ ತರಹ.

ನನಗೆ ಹೊಟ್ಟೆ ಉರಿದಿದ್ದು ಯಾಕಂದ್ರೆ, ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಮಿಲ್ ಬಾಯ್ಲರ್‌ಗೆ ರಿಜಿಸ್ಟರ್ ನಂಬರ್ ಪಂಚ್ ಆಗಿರುತ್ತೆ, ಕಾನೂನು ಅದು. ಇನ್‌ಸ್ಪೆಕ್ಟರ್ ಸಾಹೇಬ್ರು ಬಂದ್ರೆ ಮೊದಲು ಆ ನಂಬರ್ ಕೇಳ್ತಾರೆ. ಗ್ರೈಂಡರ್ ಮುಟ್ಟೋ ಮುಂಚೆ ಅದರ ಮೇಲೆ ಗ್ರೀಸ್ ಬಳಿದು ಟೇಪ್ ಹಾಕು ಅಂತ ನಮ್ಮ ಹುಡುಗರಿಗೆ ಕಲಿಸಿದವನೇ ನಾನು. ಇಲ್ಲಿ ಯಾರೂ ಕೇಳೋರಿಲ್ಲ, ಶೋ ಪೀಸ್ ತಾನೇ ಅಂತ ಕೈ ಸಡಿಲ ಬಿಟ್ಟೆ. ಪ್ರೀತಿ ಇದೆ ಅಂದ್ಕೊಂಡಿದ್ದೆ, ಹೆದರಿಕೆ ಇದ್ದಷ್ಟು ಹುಷಾರು ಪ್ರೀತಿಯಲ್ಲಿ ಇರಲಿಲ್ಲ.

ಕದ್ದ ಬೈಕಿನ ಅಳಿಸಿದ ಚಾಸಿಸ್ ನಂಬರ್‌ನ ಆಸಿಡ್ ಹಾಕಿ ಓದ್ತಾರೆ ಅಂತ ಕೇಳಿದ್ದೆ. ಪಂಚ್ ಹೊಡೆದಾಗ ಕೆಳಗಿನ ಲೋಹ ಒತ್ತಿರುತ್ತೆ, ಮೇಲಿನ ಅಂಕಿ ಹೋದ್ರೂ ಒತ್ತಿದ ಜಾಗ ಆಸಿಡ್‌ಗೆ ಬೇರೆ ತರಹ ಕರಗುತ್ತೆ. ಅಜ್ಜಾರಿಗೆ ಹೇಳದೆ ಒಂದು ಮಧ್ಯಾಹ್ನ ಮಾಡಿ ನೋಡಿದೆ. ಸುಮಾರು ಹೊತ್ತಾದ ಮೇಲೆ ಮಸುಕಾಗಿ ಮೊದಲನೇ ಅಂಕಿ ಕಾಣಿಸ್ತು, 2. ಕುಣಿದಾಡಿಬಿಟ್ಟೆ. ಓಡಿ ಹೋಗಿ ಹೇಳಿದೆ.

ಅಜ್ಜಾರು ಚಾ ಕುಡೀತಾ ಇದ್ರು. "ತಮ್ಮಾ, ವೈಪಿ ನಂಬರ್ ಎರಡು ಸಾವಿರದಿಂದ ಶುರು, 2870ಕ್ಕ ಮುಗೀತದ. ಎಲ್ಲಾ ಎರಡs" ಅಂದ್ರು. ಉಳಿದ ಮೂರು ಅಂಕಿ ಬರಲೇ ಇಲ್ಲ.

ಈಗ ನಮ್ಮ ಅಂಗಡಿಯಲ್ಲಿ ಏನೇ ಹಳೇದು ಬಂದ್ರೂ, ಗುಜರಿಯಿಂದ ತಂದ ವಾಲ್ವ್ ಇರಲಿ, ಹರಿಹರದ ಕಿರ್ಲೋಸ್ಕರ್ ಲೇತ್ ಇರಲಿ, ಮೊದಲು ಸೀಮೆಎಣ್ಣೆ ಬಟ್ಟೆ, ಆಮೇಲೆ ಮೊಬೈಲಲ್ಲಿ ಫೋಟೋ, ಆಮೇಲೆ ಚಾಕ್‌ಪೀಸಲ್ಲಿ ಗುರುತು, ಗ್ರೈಂಡರ್ ಪ್ಲಗ್ ಚುಚ್ಚೋದು ಕಡೇಗೆ. ಟೈಮ್ ವೇಸ್ಟ್ ಅಂತ ಕೆಲವು ಯಜಮಾನ್ರು ಗೊಣಗ್ತಾರೆ, ಗೊಣಗಲಿ. ಒಂದು ನೋಟ್‌ಬುಕ್ ಇಟ್ಟಿದ್ದೀನಿ, ಅದರ ಮೊದಲನೇ ಪುಟ ಆ ವೈಪಿದು. ಎಡಗಡೆ ನಂಬರ್‌ಗಳು ಬರೆದಿದೆ. ಬಲಗಡೆ ಮುಂದೆ "2" ಅಂತ ಬರೆದು ಮೂರು ಗೆರೆ ಎಳೆದಿದ್ದೀನಿ.

ಹೋದ ವರ್ಷ ಆ ಕಡೆ ಹೋದಾಗ ನೋಡಿಕೊಂಡು ಬಂದೆ. ಚಿಮಣಿಗೆ ನಾವು ಮಾಡಿ ಹಾಕಿದ ಮುಚ್ಚಳ ಗಟ್ಟಿಯಾಗೇ ಇದೆ, ಸ್ಮೋಕ್ ಬಾಕ್ಸ್ ತಳದ ಹೊಸ ತಗಡೂ ಚೆನ್ನಾಗಿದೆ. ಒಂದು ಮದುವೆ ಜೋಡಿ ಫೋಟೋಶೂಟ್‌ಗೆ ಬಂದಿತ್ತು. ಫೋಟೋಗ್ರಾಫರ್ ಎರಡೂ ಕಡೆ ಸುತ್ತಿ ನೋಡಿ, ಈ ಕಡೆ ಬನ್ನಿ ಸಾರ್, ಈ ಕಡೆ ರಾಡ್ ಶೈನಿಂಗ್ ಚೆನ್ನಾಗೈತೆ ಅಂತ ಬಲಗಡೆ ನಿಲ್ಲಿಸಿದ.