ರಕ್ತ ಬಂದ ಕಡೆಯೇ ಬ್ರಶ್ ಹೋಗಬೇಕು

“ರಕ್ತ ಬರ್ತದೆ ಅಂತ ಆ ಬದಿ ಉಜ್ಜುವುದೇ ಬಿಟ್ಟಿದ್ದಾಳೆ ಡಾಕ್ಟ್ರೇ. ಒಸಡಿಗೆ ಒಳ್ಳೇದು ಅಂತ ಲವಂಗದ ಪೇಸ್ಟ್ ತಂದುಕೊಟ್ಟಿದ್ದೇನೆ.”

ಮುಂಬೈಯ ಮಾಟುಂಗದ ಕ್ಲಿನಿಕ್ಕಿನಲ್ಲಿ ಮಂಗಳವಾರ ಒಬ್ಬ ತಾಯಿ ಆಡಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಹಲ್ಲು ನೇರವಾಗಲೆಂದು ಮಗಳಿಗೆ ಕ್ಲಿಪ್ ಹಾಕಿ ನಾಲ್ಕು ತಿಂಗಳು. ತುಟಿ ಸರಿಸಿ ನೋಡಿದರೆ ಎಡಗಡೆಯ ಕೋರೆಹಲ್ಲಿನ ಮೇಲೆ ಒಸಡು ಕೆಂಪಗೆ ಉಬ್ಬಿ ಬ್ರಾಕೆಟ್ಟಿನ, ಅಂದರೆ ಕ್ಲಿಪ್ಪಿನ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡಿನ, ಅಂಚಿಗೇ ತಾಗಿತ್ತು. ಸಂದಿಯಲ್ಲಿ ಮೆತ್ತನೆಯ ಹಳದಿ ಪಾಚಿ.

ರಕ್ತ ಬರುತ್ತಿದ್ದುದು ಉಜ್ಜಿದ್ದರಿಂದಲ್ಲ, ಪಾಚಿ ನಿಂತಿದ್ದರಿಂದ. ಬಿಟ್ಟಷ್ಟೂ ಒಸಡು ಊದುತ್ತದೆ, ಊದಿದಷ್ಟೂ ಬ್ರಶ್‌ಗೆ ಜಾಗ ಕಡಿಮೆ. ಮೆತ್ತನೆ ಬ್ರಶ್‌ನಲ್ಲಿ ದಿನವೂ ಅಲ್ಲೇ ಉಜ್ಜಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಪಾಚಿ ಕಲ್ಲಾಗಿರಬಹುದು. ಅದು ಬ್ರಶ್‌ಗೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು.

ತಾಯಿಯನ್ನು ದೂರಲಾರೆ. ಕ್ಲಿಪ್ ಹಾಕಿದ ದಿನ ಕನ್ನಡಿ ಹಿಡಿದು ತೋರಿಸದೆ ಚೀಟಿ ಕೊಟ್ಟು ಕಳಿಸುವ ನಮ್ಮ ವೃತ್ತಿಯವರದೇ ದೊಡ್ಡ ತಪ್ಪು.

ತೋರಿಸಬೇಕಾದದ್ದು ಇಷ್ಟೇ. ಬ್ರಶ್ಶನ್ನು 45 ಡಿಗ್ರಿ ಓರೆಯಾಗಿ ಹಿಡಿದು ಮೊದಲು ಒಸಡಿಗೂ ಬ್ರಾಕೆಟ್ಟಿಗೂ ನಡುವಿನ ಪಟ್ಟಿ, ಆಮೇಲೆ ಬ್ರಾಕೆಟ್ಟಿನ ಇನ್ನೊಂದು ಬದಿ, ಕೊನೆಗೆ ಅದರ ಮುಖ. ತಂತಿಯ ಅಡಿಗೆ ಬ್ರಶ್ ಹೋಗದು. ಅಲ್ಲಿಗೆ ಸಂದಿಗೆಂದೇ ಇರುವ ಪುಟ್ಟ ಬ್ರಶ್ ತೂರಿಸಿ ಮೇಲೆ ಕೆಳಗೆ ಆಡಿಸಬೇಕು. ಎರಡು ನಿಮಿಷ ಸಾಲದು, ನಾಲ್ಕೈದು ಬೇಕು. ಎಳೆಗಳು ಬ್ರಾಕೆಟ್ಟಿಗೆ ಸಿಕ್ಕಿ ಬೇಗ ಕೆದರುತ್ತವೆ, ಕೆದರಿದೊಡನೆ ಬ್ರಶ್ ಬದಲಿಸಿ. ಲೋಣಾವಳಾ ಚಿಕ್ಕಿ ಬೇಡ, ಬ್ರಾಕೆಟ್ಟನ್ನೇ ಕಿತ್ತುಬಿಡುತ್ತದೆ.

ಪೇಸ್ಟ್ ಬಟಾಣಿಯಷ್ಟು ಸಾಕು, ಆದರೆ ಫ್ಲೋರೈಡ್ ಇರಲೇಬೇಕು, ಸುಮಾರು 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು). ಆ ಲವಂಗದ ಟ್ಯೂಬ್ ತಿರುಗಿಸಿ ಓದಿದೆ, ಇರಲಿಲ್ಲ. ಲವಂಗ ಬಾಯಿಗೆ ಹಿತ, ಹಲ್ಲಿಗೆ ಕಾವಲಲ್ಲ. ಪಾಚಿಯ ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗಿಸಲು ಒಂದು ತಿಂಗಳೇ ಸಾಕಾಗಬಹುದು. ಎರಡು ವರ್ಷದ ಮೇಲೆ ಕ್ಲಿಪ್ ಬಿಚ್ಚಿದಾಗ ಬ್ರಾಕೆಟ್ ಕೂತಿದ್ದ ಚೌಕ ಮಾತ್ರ ಚೆನ್ನಾಗಿದ್ದು, ಸುತ್ತಲೂ ಸುಣ್ಣ ಬಳಿದಂಥ ಬಿಳಿ ಕಲೆ. ನೇರವಾದ ಹಲ್ಲಿನ ಮೇಲೆ ಅದನ್ನು ನೋಡುವುದು ಸಂಕಟ. ರಾತ್ರಿ ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತದೆ.

ಹುಡುಗಿಯ ಕೈಗೆ ಬ್ರಶ್ ಕೊಟ್ಟು ಕನ್ನಡಿ ಹಿಡಿದೆ. ಉಗುಳಿದ ನೊರೆ ಗುಲಾಬಿಯಾಗಿತ್ತು. ತಾಯಿ ಗಾಬರಿಯಿಂದ ಎದ್ದು ನಿಂತರು.

“ಇವತ್ತು ರಾತ್ರಿಯೂ ಬರ್ತದಮ್ಮಾ. ಉಜ್ಜಲಿ, ಬಿಡಿಸಬೇಡಿ.”