ಮೇಷ್ಟ್ರ ಗೊಬ್ಬರದ ಗುಂಡಿ

ವಿಜ್ಞಾನದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ತಂಡದವರೆಲ್ಲ ಮೊದಲು ನೆನೆದದ್ದು ಹೊಂಗೆಮರದ ಕೆಳಗಿನ ಗುಂಡಿಯನ್ನು. ಏಳನೇ ತರಗತಿಯ ಪಾಠಗಳು ಯಾರಿಗೂ ನೆನಪಿಲ್ಲ, ಗುಂಡಿಯ ಅಳತೆ ಮಾತ್ರ ಎಲ್ಲರಿಗೂ ಬಾಯಿಪಾಠ: 10 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳ, ಮಳೆನೀರು ನುಗ್ಗದಂತೆ ಸುತ್ತ ಗೇಣೆತ್ತರದ ಬದು.

ಗಾಳಿಯಾಡಲೆಂದು ತಳಕ್ಕೆ ತೊಗರಿ ಕಡ್ಡಿ. ಅದರ ಮೇಲೆ ಮೂರು ಮಂಕರಿ ಒಣ ಎಲೆಗೆ ಒಂದು ಮಂಕರಿ ಹಸಿ ಕಸ, ಸಗಣಿ ಬಗ್ಗಡ, ಒಂದು ಹಿಡಿ ಹಳೆ ಗೊಬ್ಬರ. ನೀಲಗಿರಿ ಎಲೆ ಬೇಗ ಕೊಳೆಯದು, ಹಾಗಾಗಿ ಬೇಡ. ಪಾರ್ಥೇನಿಯಂ ಹೂ ಬಿಡುವ ಮೊದಲಾದರೆ ಹಾಕಬಹುದು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ನಾಲ್ಕನೇ ದಿನ ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ಮುಟ್ಟಿ ನೋಡಿ ಎನ್ನುತ್ತಿದ್ದರು. ಒಳಗೆ 55ರಿಂದ 60 ಡಿಗ್ರಿ. ಕಳೆಬೀಜ ಸಾಯುವುದು ಆ ಕಾವಿಗೆ.

ಬಿಸಿಯೂಟ ಬಂದ ಹೊಸತರಲ್ಲಿ ತುಂಟರ ಗುಂಪೊಂದು ಉಳಿದ ಅನ್ನ ಸಾಂಬಾರನ್ನು ಬಕೆಟ್‌ಗಟ್ಟಲೆ ಗುಂಡಿಗೆ ಸುರಿಯಿತು. ನಾಲ್ಕೈದು ದಿನಕ್ಕೆ ಕೊಳೆತ ಮೊಟ್ಟೆಯ ನಾತ ಹೆಡ್‌ಮಾಸ್ಟರ ಕೋಣೆ ಮುಟ್ಟಿತು. ಮೇಷ್ಟ್ರು ಬೆತ್ತ ಹಿಡಿಯಲಿಲ್ಲ, ಸನಿಕೆ ಕೊಟ್ಟರು. "ಮೂಸಿ ನೋಡ್ರೋ. ನೀರು ಹೆಚ್ಚಾಗಿ ಗಾಳಿ ನಿಂತಿದೆ. ಗಾಳಿ ಬೇಡದ ಜೀವಾಣುಗಳ ಕೆಲಸ ಇದು." ಎಲ್ಲವನ್ನೂ ಹೊರಗೆಳೆಸಿ, ಒಣ ಎಲೆ ಬೆರೆಸಿ ಮತ್ತೆ ತುಂಬಿಸಿದರು. ನಾತ ಇಳಿಯಿತು. ಮೂಗಿಗೆ ಅಮೋನಿಯದ ಘಾಟು ಹೊಡೆದರೆ ಹಸಿ ಕಸ ಹೆಚ್ಚಾಗಿದೆ ಎಂಬುದನ್ನೂ ಅಂದೇ ಕಲಿಸಿದರು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ, ಗೊಬ್ಬರ ಮಾಡುವ 'ಬೆಂಗಳೂರು ಪದ್ಧತಿ'ಯ ಬಗ್ಗೆ ಮೇಷ್ಟ್ರಿಗೆ ಬಲು ಅಭಿಮಾನ. ಅದರಲ್ಲಿ ಮಗುಚುವ ಕೆಲಸವಿಲ್ಲ, ಮೇಲೆ ಮಣ್ಣು ಮೆತ್ತಿ ಬಿಟ್ಟರಾಯಿತು. ಆದರೆ ಆರೆಂಟು ತಿಂಗಳು ಕಾಯಬೇಕು. ಹದಿನೈದು ದಿನಕ್ಕೊಮ್ಮೆ ಮಗುಚಿದ ಗೊಬ್ಬರ ಮೂರು ನಾಲ್ಕು ತಿಂಗಳಲ್ಲಿ ಹಣ್ಣಾಗುತ್ತದೆ. ಜೂನಿನಲ್ಲಿ ತುಂಬಿದ ಮಕ್ಕಳೇ ದಸರಾ ರಜೆ ಮುಗಿಸಿ ಬಂದು ಬಳಸಬೇಕೆಂದು ಶಾಲೆಗೆ ಇದನ್ನೇ ಆರಿಸಿದ್ದರು. ಅರೆಬೆಂದ ಗೊಬ್ಬರ ಮಣ್ಣಿನ ಸಾರಜನಕವನ್ನೇ ಹೀರಿ ಸಸಿಯನ್ನು ಹಳದಿಯಾಗಿಸುತ್ತದೆ. ಅದಕ್ಕೇ ಮೊದಲು ಒಂದು ಡಬ್ಬಿ ಗೊಬ್ಬರದಲ್ಲಿ ಹರಿವೆ ಬೀಜ ಉದುರಿಸಿ ಮೊಳಕೆ ನೋಡಿಸುತ್ತಿದ್ದರು.

ಎರಡೂ ಬದಿಯಿಂದ ಮಗುವಿನ ಕೈ ನಡುವಿಗೆ ತಲುಪಲೆಂದು ಶಾಲೆಯ ಕೈತೋಟದ ಮಡಿಯ ಅಗಲ ಮೂರೇ ಅಡಿ. ಹರಿವೆ ಬೀಜ ಸಣ್ಣದು, ಮರಳಿನ ಜೊತೆ ಬೆರೆಸಿ ಎರಚಬೇಕು. ತಿಂಗಳೊಳಗೆ ಸೊಪ್ಪು ಬಿಸಿಯೂಟದ ಸಾರಿಗೆ ಬೀಳುತ್ತಿತ್ತು. ಗೊಬ್ಬರ ಹಣ್ಣಾಗಿದೆಯೇ ಎಂದು ತಿಳಿಯಲು ನಮ್ಮ ತಂಡದವರಿಗೆ ಇಂದಿಗೂ ಮೂಗು ಸಾಕು, ಕೃಷಿ ಓದಿದವರೂ ನಮ್ಮನ್ನು ಕೇಳುವುದುಂಟು.

ಈಗ ಹಲವು ಶಾಲೆಗಳಲ್ಲಿ ಕೈತೋಟವೆಂದರೆ ನರ್ಸರಿಯ ಸಸಿ, ಚೀಲದ ಗೊಬ್ಬರ, ಒಂದು ಫೋಟೊ. ಶಾಲಾ ಪೌಷ್ಟಿಕ ತೋಟಗಳಿಗೆ 2019ರಲ್ಲಿ ಕೇಂದ್ರದ ಮಾರ್ಗಸೂಚಿಯೇ ಬಂದಿದೆ, ಆದರೂ ಸನಿಕೆ ಮಕ್ಕಳ ಕೈಗೆ ಬಂದದ್ದು ಕಡಿಮೆ. ನಮ್ಮ ಶಾಲೆಯವರಲ್ಲಿ ಒಂದು ಕೋರಿಕೆ: ಬೇಸಿಗೆಯಲ್ಲಿ ಉದುರುವ ಎಲೆಯನ್ನು ಸುಡದೆ ಗೋಣಿಚೀಲಗಳಲ್ಲಿ ತುಂಬಿ, ನೆನೆಯದ ಕಡೆ ಇಡಿಸಿ. ಜೂನಿನಲ್ಲಿ ಹಸಿ ಕಸ ಬೇಕಾದಷ್ಟು ಸಿಗುತ್ತದೆ, ಒಣ ಎಲೆ ಹುಡುಕಿದರೂ ಸಿಗುವುದಿಲ್ಲ.