ಅವರ ವಿಮಾನ, ಇವರ ಪೈಲಟ್: ಯುದ್ಧ ಬಂದರೆ ಯಾರ ಮಾತು?

ವಿಮಾನಗಳ ಬಗ್ಗೆ ನಾಲ್ಕಕ್ಷರ ಬರೆಯುತ್ತೇನೆ ಅಂತ ಗೊತ್ತಾದ ಮೇಲೆ ಜನ ಏನೇನೋ ಕೇಳುತ್ತಾರೆ. ಒಂದು ಪ್ರಶ್ನೆ ಮಾತ್ರ ಮದುವೆಮನೆಯಲ್ಲೂ ಬರುತ್ತೆ, ಮೆಸೇಜಿನಲ್ಲೂ ಬರುತ್ತೆ: "ಒಂದು ದೇಶದ ಪೈಲಟ್ ಇನ್ನೊಂದು ದೇಶದ ಫೈಟರ್ ಜೆಟ್ ಹಾರಿಸ್ತಾನಂತೆ, ನಿಜಾನಾ? ಗುಟ್ಟೆಲ್ಲ ತಿಳ್ಕೊಂಡು ಊರಿಗೆ ಹೋಗಿಬಿಟ್ರೆ?" ಸ್ವಲ್ಪ ಯೋಚನೆ ಮಾಡುವವರು ಇನ್ನೊಂದು ಸೇರಿಸುತ್ತಾರೆ: "ಅಷ್ಟರಲ್ಲಿ ಯುದ್ಧ ಶುರುವಾದರೆ ಅವನು ಯಾರ ಕಡೆ?"

ನಿಜ, ಹಾರಿಸುತ್ತಾರೆ. ಗುಟ್ಟಿನ ಪ್ರಶ್ನೆಗೆ ಉತ್ತರ ಸುಲಭ. ಯುದ್ಧದ ಪ್ರಶ್ನೆ ಹಾಗಲ್ಲ. ಅಲ್ಲಿ ಸರ್ಕಾರಗಳೇ ತಡವರಿಸಿವೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. 2007ರ ಏರೋ ಇಂಡಿಯಾದಲ್ಲಿ ರತನ್ ಟಾಟಾ ಯಲಹಂಕದಿಂದ ಎಫ್-16ರಲ್ಲಿ ಹಾರಿದ್ದು ಬೆಂಗಳೂರಿನವರಿಗೆ ನೆನಪಿರುತ್ತೆ. 2018ರಲ್ಲಿ ಅಮೆರಿಕದ ವಾಯುಪಡೆಯ ಮುಖ್ಯಸ್ಥ ಡೇವಿಡ್ ಗೋಲ್ಡ್‌ಫೀನ್ ಜೋಧ್‌ಪುರದಲ್ಲಿ ನಮ್ಮ ತೇಜಸ್ ಹತ್ತಿದರು. 2019ರಲ್ಲಿ ಫ್ರಾನ್ಸಿನ ಗರುಡ ಸಮರಾಭ್ಯಾಸದ ವೇಳೆ ನಮ್ಮ ವಾಯುಪಡೆಯ ಆಗಿನ ಉಪಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ರಫೇಲ್‌ನಲ್ಲಿ ಹಾರಿದರು. ಇವೆಲ್ಲ ಒಂದು ದಿನದ ಮರ್ಯಾದೆ, ಜೊತೆಗೊಂದಿಷ್ಟು ವ್ಯಾಪಾರ. ಎಕ್ಸ್‌ಚೇಂಜ್ ಪೋಸ್ಟಿಂಗ್ ಅಂದರೆ ಬೇರೆಯೇ. ಪೈಲಟ್ ಹೆಂಡತಿ ಮಕ್ಕಳ ಸಮೇತ ಎರಡು-ಮೂರು ವರ್ಷಕ್ಕೆ ಆ ದೇಶಕ್ಕೆ ಹೋಗಿ, ಅಲ್ಲಿನ ಸ್ಕ್ವಾಡ್ರನ್ನಿನಲ್ಲಿ (ವಾಯುಪಡೆಯ ತುಕಡಿಯಲ್ಲಿ) ಉಳಿದವರಂತೆಯೇ ಡ್ಯೂಟಿ ಮಾಡುತ್ತಾನೆ. ಬ್ರೀಫಿಂಗ್ ಕೊಡುತ್ತಾನೆ, ಜೂನಿಯರ್‌ಗಳಿಗೆ ಕಲಿಸುತ್ತಾನೆ, ರಾತ್ರಿ ಪಾಳಿಯಲ್ಲಿ ಕೂರುತ್ತಾನೆ. ಸಮವಸ್ತ್ರ, ಸಂಬಳ, ಶಿಸ್ತಿನ ಕಾನೂನು ಅವನ ದೇಶದ್ದು. ವಿಮಾನ, ಇಂಧನ, ದಿನದ ಹುಕುಂ ಆತಿಥೇಯರದ್ದು. ಇಲ್ಲಿಂದ ಒಬ್ಬ ಹೋದರೆ ಸಾಮಾನ್ಯವಾಗಿ ಅಲ್ಲಿಂದ ಒಬ್ಬ ಬರುತ್ತಾನೆ.

ಇದು ಎಲ್ಲಿಯವರೆಗೆ ಹೋಗುತ್ತೆ ಅನ್ನುವುದಕ್ಕೆ ರಾಬಿನ್ ಓಲ್ಡ್ಸ್ ಸಾಕು. ವಿಯೆಟ್ನಾಂ ಯುದ್ಧದಲ್ಲಿ ದೊಡ್ಡ ಮೀಸೆಯಿಂದಲೂ ಹೆಸರಾದ ಈ ಅಮೆರಿಕನ್, 1948ರಲ್ಲಿ ಬ್ರಿಟನ್ನಿಗೆ ಎಕ್ಸ್‌ಚೇಂಜ್ ಮೇಲೆ ಹೋಗಿ, ಟ್ಯಾಂಗ್‌ಮಿಯರ್ ನೆಲೆಯಲ್ಲಿ ರಾಯಲ್ ಏರ್‌ಫೋರ್ಸಿನ ನಂಬರ್ 1 ಸ್ಕ್ವಾಡ್ರನ್ನಿಗೆ ಕಮಾಂಡರೇ ಆಗಿಬಿಟ್ಟರು. ಮೀಟಿಯರ್ ಜೆಟ್‌ಗಳು ಬ್ರಿಟಿಷರವು, ಪೈಲಟ್‌ಗಳು ಬ್ರಿಟಿಷರು, ಅಪ್ಪಣೆ ಕೊಡುವವನು ಅಮೆರಿಕದವನು.

ಇನ್ನು ಗುಟ್ಟಿನ ವಿಷಯ. ಎಫ್-22 ರ‍್ಯಾಪ್ಟರ್ ವಿಮಾನವನ್ನು ಯಾವ ದೇಶಕ್ಕೂ ಮಾರಕೂಡದು ಅಂತ ಅಮೆರಿಕದ ಕಾಂಗ್ರೆಸ್ 1990ರ ದಶಕದಲ್ಲೇ ಕಟ್ಟು ಹಾಕಿತು. ಜಪಾನ್ ಕೇಳಿತು, ಸಿಗಲಿಲ್ಲ. ಅದೇ ವಿಮಾನವನ್ನು 2006ರ ಹೊತ್ತಿಗೆ ಡ್ಯಾನ್ ರಾಬಿನ್ಸನ್ ಎಂಬ ಬ್ರಿಟಿಷ್ ಪೈಲಟ್ ಹಾರಿಸುತ್ತಿದ್ದರು. ರ‍್ಯಾಪ್ಟರ್ ಹಾರಿಸಿದ ಮೊದಲ ಅಮೆರಿಕನ್ನೇತರ ಪೈಲಟ್ ಅವರೇ. ಮುಂದೆ ಆಸ್ಟ್ರೇಲಿಯಾದವರೂ ಹಾರಿಸಿದರು. ಅಂದರೆ ಕೋಟಿ ಕೋಟಿ ಸುರಿದರೂ ಸಿಗದ ವಿಮಾನದ ಸೀಟು, ಎಕ್ಸ್‌ಚೇಂಜ್ ಪೈಲಟ್‌ಗೆ ಸಿಗುತ್ತೆ!

ಕೇಳಲು ವಿಚಿತ್ರ. ಆದರೆ ಪೈಲಟ್‌ಗೆ ಬೇಕಾದದ್ದು ಈ ವಿಮಾನ ಏನು ಮಾಡಬಲ್ಲದು ಅನ್ನುವ ತಿಳಿವಳಿಕೆ. ರಡಾರ್ ಕಣ್ಣು ತಪ್ಪಿಸುವ ಲೇಪಕ್ಕೆ ಏನು ಬೆರೆಸಿದ್ದಾರೆ, ಕಂಪ್ಯೂಟರಿನ ಒಳಗಿನ ಕೋಡ್ ಏನು ಅನ್ನುವುದು ಕಾಕ್‌ಪಿಟ್‌ನಲ್ಲಿ ಕೂತವನಿಗೆ, ಅವನು ಅಮೆರಿಕದವನೇ ಆದರೂ, ಗೊತ್ತಿರುವುದಿಲ್ಲ. ಅದರ ಮೇಲೆ, ವಿದೇಶಿಯರಿಗೆ ತೋರಿಸಕೂಡದು ಅಂತ ಮುದ್ರೆ ಬಿದ್ದ ಕಾಗದಗಳು ಬೇರೆ ಇರುತ್ತವೆ. ಆ ಬ್ರೀಫಿಂಗ್ ಬಂದಾಗ ಎಕ್ಸ್‌ಚೇಂಜ್ ಪೈಲಟ್ ಎದ್ದು ಹೊರಗೆ ಹೋಗಬೇಕು. ಮುಜುಗರದ ಸಂಗತಿ, ಆದರೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಯಾಕೆಂದರೆ ಅವರ ದೇಶದಲ್ಲೂ ಬಂದ ಅತಿಥಿಗೆ ಅದೇ ನಿಯಮ. ಇಷ್ಟಾಗಿಯೂ ಅವನು ಊರಿಗೆ ಒಯ್ಯುವುದು ಬೇಕಾದಷ್ಟಿದೆ: ಎರಡು ವಿಮಾನ ಎದುರಾಳಿಯನ್ನು ಹೇಗೆ ಹಂಚಿಕೊಳ್ಳುತ್ತವೆ, ಯಾವಾಗ ಕಾದಾಟ ಬಿಟ್ಟು ವಾಪಸಾಗುತ್ತಾರೆ, ಹಾರಾಟ ಮುಗಿದ ಮೇಲೆ ಡಿಬ್ರೀಫಿಂಗ್‌ನಲ್ಲಿ ಯಾರು ಯಾರನ್ನು ಮುಖಕ್ಕೆ ಹೊಡೆದಂತೆ ಕೇಳಬಹುದು. ಇದನ್ನು ಹಂಚಿಕೊಳ್ಳುವುದಕ್ಕೆಂದೇ ಅವನನ್ನು ಕರೆಸಿರುವುದು.

ಬ್ರಿಟಿಷ್ ನೌಕಾಪಡೆಯ ಕತೆ ಇದಕ್ಕಿಂತ ಸ್ವಾರಸ್ಯ. 2010ರ ಕೊನೆಯಲ್ಲಿ ಹಣವಿಲ್ಲವೆಂದು ಬ್ರಿಟನ್ ಹಡಗಿನಿಂದ ಹಾರುವ ತನ್ನ ಹ್ಯಾರಿಯರ್ ಫೈಟರ್‌ಗಳನ್ನು ಬದಿಗಿಟ್ಟಿತು. ಹೊಸ ವಿಮಾನವಾಹಕ ಹಡಗು ಕ್ವೀನ್ ಎಲಿಜಬೆತ್ ನೌಕಾಪಡೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಅದರ ಮೇಲೆ ಮೊದಲ ಎಫ್-35 ಇಳಿದದ್ದು 2018ರ ಸೆಪ್ಟೆಂಬರ್‌ನಲ್ಲಿ. ನಡುವೆ ಹೆಚ್ಚುಕಡಿಮೆ ಎಂಟು ವರ್ಷ ಹಡಗಿನಿಂದ ಫೈಟರ್ ಹಾರಿಸುವ ಕೆಲಸವೇ ಆ ದೇಶಕ್ಕಿರಲಿಲ್ಲ. ಹಟ್ಟಿಯಲ್ಲಿ ಹಸುವಿಲ್ಲದಿದ್ದರೂ ಹಾಲು ಕರೆಯುವ ಕೈ ಮರೆಯಬಾರದು ಅಂತ ತಮ್ಮ ಪೈಲಟ್‌ಗಳನ್ನೂ ಡೆಕ್ ಸಿಬ್ಬಂದಿಯನ್ನೂ ಅಮೆರಿಕದ ಹಡಗುಗಳಿಗೆ ಕಳಿಸಿದರು. ಆ ಪೈಲಟ್‌ಗಳು ಅಮೆರಿಕದ ಎಫ್/ಎ-18 ಹಾರಿಸುತ್ತಾ ಅಭ್ಯಾಸ ಉಳಿಸಿಕೊಂಡರು. ಕೊನೆಗೆ ಈ ಏರ್ಪಾಟೇ ಅವರ ಸರ್ಕಾರದ ಕೊರಳಿಗೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಅದಕ್ಕೂ ಮುಂಚೆ ಕಾಕ್‌ಪಿಟ್ ಬಗ್ಗೆ ಒಂದು ಮಾತು, ಯಾಕೆಂದರೆ "ಎಲ್ಲ ವಿಮಾನವೂ ಒಂದೇ ಅಲ್ವಾ" ಅಂತ ಕೇಳುವವರೂ ಇದ್ದಾರೆ. ಅಲ್ಲ. ವಿಮಾನ ಎಡಕ್ಕೆ ವಾಲಿದಾಗ ಪಾಶ್ಚಾತ್ಯ ವಿಮಾನಗಳ ಉಪಕರಣದಲ್ಲಿ ದಿಗಂತದ ಗೆರೆ ವಾಲುತ್ತೆ, ನಡುವಿನ ವಿಮಾನದ ಗುರುತು ನೆಟ್ಟಗಿರುತ್ತೆ. ಸೋವಿಯತ್ ಮಾದರಿಯಲ್ಲಿ ದಿಗಂತ ನೆಟ್ಟಗಿದ್ದು ವಿಮಾನದ ಗುರುತು ವಾಲುತ್ತೆ. ಮೋಡದೊಳಗೆ ಹೊರಗಿನದೇನೂ ಕಾಣದಿರುವಾಗ ಹಳೇ ಅಭ್ಯಾಸದ ಕೈ ಸ್ಟಿಕ್ಕನ್ನು (ವಿಮಾನ ವಾಲಿಸುವ ಹಿಡಿಕೆಯನ್ನು) ಯಾವ ಕಡೆ ತಳ್ಳುತ್ತೆ ಯೋಚಿಸಿ. ಎತ್ತರ, ವೇಗಕ್ಕೆ ಪಾಶ್ಚಾತ್ಯರದು ಅಡಿ ಮತ್ತು ನಾಟ್, ಸೋವಿಯತ್ತಿನದು ಮೀಟರ್ ಮತ್ತು ಕಿಲೋಮೀಟರ್. ಪಾಶ್ಚಾತ್ಯರ ಬ್ರೇಕ್ ಕಾಲ್ಬೆರಳಿನಲ್ಲಿ, ಮಿಗ್-21ರಲ್ಲಿ ಸ್ಟಿಕ್ಕಿನ ಮೇಲಿನ ಲಿವರ್‌ನಲ್ಲಿ. ಎಫ್-16ರ ಸ್ಟಿಕ್ ಬಲಗೈ ಪಕ್ಕದಲ್ಲಿದೆ. ಕೈ ಒತ್ತಡವನ್ನೇ ಅಳೆದುಕೊಳ್ಳುವ ಅದು ಅಲುಗುವುದೇ ಇಲ್ಲ ಅನ್ನುವಷ್ಟು ಕಮ್ಮಿ ಅಲುಗುತ್ತೆ.

ಈ ಒಂದು ವಿಷಯದಲ್ಲಿ ನಮ್ಮ ಪೈಲಟ್‌ಗಳು ಊರು ಬಿಡದೆಯೇ ವಿದೇಶ ಸುತ್ತಿದವರು. ಬೀದರಿನಲ್ಲಿ ಬ್ರಿಟಿಷ್ ಮೂಲದ ಹಾಕ್ ತರಬೇತಿ ವಿಮಾನ ಕಲಿತು, ಅಲ್ಲಿಂದ ರಷ್ಯನ್ ಮಿಗ್‌ಗೋ ಸುಖೋಯ್‌ಗೋ ಫ್ರೆಂಚ್ ಮಿರಾಜ್‌ಗೋ ಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತು.

ಈಗ ಯುದ್ಧದ ಪ್ರಶ್ನೆಗೆ ಬರೋಣ.

ಕೊರಿಯಾ ಯುದ್ಧಕ್ಕೆ ಕೆನಡಾ ತನ್ನ ಫೈಟರ್ ಸ್ಕ್ವಾಡ್ರನ್ ಒಂದನ್ನೂ ಕಳಿಸಲಿಲ್ಲ. ಅದರ ಸೇಬರ್ ಜೆಟ್‌ಗಳು ಯುರೋಪಿಗೆ ಬೇಕಾಗಿದ್ದವು. ಆದರೆ 22 ಕೆನಡಿಯನ್ ಪೈಲಟ್‌ಗಳು ಅಮೆರಿಕದ ಸೇಬರ್‌ಗಳಲ್ಲಿ ಕೂತು ಕೊರಿಯಾದ ಮೇಲೆ ಕಾದಾಡಿದರು. ಅವರಲ್ಲೊಬ್ಬರಾದ ಅರ್ನಿ ಗ್ಲೋವರ್ 1952ರ ಸೆಪ್ಟೆಂಬರ್‌ನಲ್ಲಿ ಮೂರು ಮಿಗ್-15 ಬೀಳಿಸಿದರು. ಬ್ರಿಟಿಷ್ ಪೈಲಟ್‌ಗಳೂ ಇದ್ದರು. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ್ದ ಜಾನ್ ಬಾಲ್ಡ್ವಿನ್ 1952ರ ಮಾರ್ಚ್‌ನಲ್ಲಿ ಅಮೆರಿಕದ ಸೇಬರ್ ಹತ್ತಿ ಹೋದವರು ವಾಪಸು ಬರಲೇ ಇಲ್ಲ. ಆಗ ಯಾರೂ ದೊಡ್ಡ ತಕರಾರು ತೆಗೆಯಲಿಲ್ಲ: ವಿಶ್ವಸಂಸ್ಥೆಯ ಬಾವುಟ, ಎಲ್ಲರೂ ಒಂದೇ ಪಕ್ಷ.

ಪಕ್ಷ ಒಂದೇ ಅಲ್ಲದಾಗ ಎಡವಟ್ಟು. 2013ರ ಆಗಸ್ಟ್‌ನಲ್ಲಿ ಬ್ರಿಟನ್ ಸಂಸತ್ತು ಸಿರಿಯಾದ ಮೇಲೆ ಸೇನಾ ಕಾರ್ಯಾಚರಣೆ ಬೇಡ ಅಂತ 285-272 ಮತಗಳಿಂದ ತೀರ್ಮಾನಿಸಿತು. 2015ರ ಜುಲೈನಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಹೊರಬಿದ್ದ ಸಂಗತಿ ಏನೆಂದರೆ, ಮಿತ್ರ ದೇಶಗಳ ಪಡೆಗಳಲ್ಲಿದ್ದ ಬ್ರಿಟಿಷ್ ಪೈಲಟ್‌ಗಳು ಅಷ್ಟರಲ್ಲಾಗಲೇ ಸಿರಿಯಾದ ಮೇಲಿನ ದಾಳಿಗಳಲ್ಲಿ ಪಾಲ್ಗೊಂಡಿದ್ದರು. ಸಂಸತ್ತಿನಲ್ಲಿ ಗದ್ದಲವಾಯಿತು. ಅವರು ಆತಿಥೇಯ ದೇಶದ ಅಧೀನದಲ್ಲಿ, ಅಲ್ಲಿನ ಸೈನಿಕರ ಹಾಗೆಯೇ ಕೆಲಸ ಮಾಡುತ್ತಾರೆ ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು. 2013ರ ಮತ ಬಿದ್ದದ್ದು ಸಿರಿಯಾದ ಆಗಿನ ಅಧ್ಯಕ್ಷ ಅಸಾದ್ ವಿಷಯಕ್ಕೆ, ಈ ದಾಳಿ ಐಸಿಸ್ ಮೇಲೆ ಅನ್ನುವ ವಾದವೂ ಇತ್ತು. ಸಿರಿಯಾದಲ್ಲಿ ಐಸಿಸ್ ಮೇಲೆ ಬಾಂಬ್ ಹಾಕಲು ಸಂಸತ್ತು ಒಪ್ಪಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಸರ್ಕಾರದ ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಸಂಬಳ ಕೊಡುವಾಗ, ಶಿಸ್ತು ಕ್ರಮ ತೆಗೆದುಕೊಳ್ಳುವಾಗ ಅವನು ನಮ್ಮವನು. ಬಾಂಬ್ ಹಾಕುವಾಗ ಮಾತ್ರ ಅವರವನು ಅಂದರೆ ಹೇಗೆ? ನಿಯಮ ಹೇಳುವುದಂತೂ ಬೇರೆ. ತನ್ನ ಪೈಲಟ್ ಇಂಥ ಹಾರಾಟಕ್ಕೆ ಹೋಗಕೂಡದು ಅನ್ನುವ ಹಕ್ಕನ್ನು ಕಳಿಸಿದ ದೇಶ ತನ್ನಲ್ಲೇ ಇಟ್ಟುಕೊಂಡಿರುತ್ತೆ. ಹಾಗಾಗಿ ಸುಮ್ಮನಿದ್ದದ್ದೂ ಒಂದು ಒಪ್ಪಿಗೆಯೇ. 2003ರಲ್ಲಿ ಕೆನಡಾ ಇರಾಕ್ ಯುದ್ಧಕ್ಕೆ ಸೇರುವುದಿಲ್ಲ ಅಂದಿತು, ಆದರೆ ಅಮೆರಿಕ ಮತ್ತು ಬ್ರಿಟನ್ನಿನ ಪಡೆಗಳಲ್ಲಿ ಎಕ್ಸ್‌ಚೇಂಜ್ ಮೇಲಿದ್ದ ತನ್ನವರನ್ನು ವಾಪಸು ಕರೆಸಲಿಲ್ಲ. ಕರೆಸಿದ್ದರೆ ಆ ಘಟಕಗಳು ಯುದ್ಧದ ಹೊತ್ತಲ್ಲೇ ಆಳಿಲ್ಲದೆ ಒದ್ದಾಡುತ್ತಿದ್ದವು. ಮುಂದೆ ಯಾರೂ ಕೆನಡಾದವರಿಗೆ ಮುಖ್ಯ ಕುರ್ಚಿ ಕೊಡುತ್ತಿರಲಿಲ್ಲ. ಈ ವ್ಯವಸ್ಥೆಯ ನಿಜವಾದ ಬೆಲೆ ಅಲ್ಲಿದೆ: ಅತಿಥಿ ಪೈಲಟ್ ಎಷ್ಟು ಒಳ್ಳೆಯವನೋ ಅಷ್ಟು ಬೇಗ ಅನಿವಾರ್ಯನಾಗುತ್ತಾನೆ, ಅನಿವಾರ್ಯನಾದವನನ್ನು ಯುದ್ಧದ ಹಿಂದಿನ ದಿನ ಎಬ್ಬಿಸಿ ಕಳಿಸಲಾಗದು.

ನಮ್ಮ ನೆರೆಯಲ್ಲೇ ಇನ್ನೂ ವಿಪರೀತದ ಉದಾಹರಣೆಯಿದೆ. ಸೈಫುಲ್ ಅಜಂ. ಪೂರ್ವ ಬಂಗಾಳದ ಹುಡುಗ, ಪಾಕಿಸ್ತಾನದ ವಾಯುಪಡೆಯ ಪೈಲಟ್. 1965ರ ಯುದ್ಧದಲ್ಲಿ ನಮ್ಮ ಒಂದು ನ್ಯಾಟ್ ಫೈಟರ್ ಬೀಳಿಸಿದವರು. ಆಮೇಲೆ ಸಲಹೆಗಾರರಾಗಿ ಜೋರ್ಡಾನ್‌ಗೆ ಎರವಲು ಹೋದರು. 1967ರ ಜೂನ್ 5ರಂದು ಇಸ್ರೇಲ್ ದಾಳಿ ಮಾಡಿದಾಗ ಜೋರ್ಡಾನಿನ ಹಂಟರ್ ಫೈಟರ್ ಹತ್ತಿ ಇಸ್ರೇಲಿ ವಿಮಾನ ಹೊಡೆದುರುಳಿಸಿದರು. ಎರಡು ದಿನ ಕಳೆದು ಇರಾಕಿನ ಎಚ್-3 ನೆಲೆಯ ಮೇಲೆ, ಈ ಸಲ ಇರಾಕಿನ ಹಂಟರ್‌ನಲ್ಲಿ, ಮತ್ತೆರಡು. 1971ರ ನಂತರ ಬಾಂಗ್ಲಾದೇಶದ ವಾಯುಪಡೆ ಸೇರಿದರು. ಒಬ್ಬ ಮನುಷ್ಯ, ನಾಲ್ಕು ವಾಯುಪಡೆ. ಆ ಯುದ್ಧದಲ್ಲಿ ಪಾಕಿಸ್ತಾನ ಇಸ್ರೇಲ್ ಜೊತೆ ಕಾದಾಡುತ್ತಿತ್ತೇ? ಕಾಗದದ ಮೇಲೆ ಇಲ್ಲ.

"ಹಾಗಾದ್ರೆ ನಮ್ಮವರು ಯಾಕೆ ಎಫ್-35 ಸ್ಕ್ವಾಡ್ರನ್ನಿಗೆ ಹೋಗಲ್ಲ?" ಅಂತ ಮುಂದಿನ ಪ್ರಶ್ನೆ. ನನ್ನ ಲೆಕ್ಕದಲ್ಲಿ ಕಾರಣ ಮೇಲೆ ಹೇಳಿದ್ದೇ. ಭಾರತ ಯಾವ ಸೈನಿಕ ಕೂಟದಲ್ಲೂ ಇಲ್ಲ. ಬೇರೆಯವರ ಯುದ್ಧಕ್ಕೆ ನಮ್ಮ ಅಧಿಕಾರಿ ಗೊತ್ತಿಲ್ಲದೆ ಸಿಕ್ಕಿಕೊಳ್ಳುವ ದಾರಿ ತೆರೆಯಲು ದೆಹಲಿಗೆ ಇಷ್ಟವಿಲ್ಲ. ಅದಲ್ಲದೆ ಬದಲಿಗೆ ಬರುವ ಅಮೆರಿಕದವನನ್ನು ಸುಖೋಯ್ ಸ್ಕ್ವಾಡ್ರನ್ನಿಗೆ ಹಾಕಿದರೆ ರಷ್ಯಾ ಸುಮ್ಮನಿರುತ್ತದೆಯೇ? ಹಾಗಾಗಿ ನಮ್ಮದು ಹೆಚ್ಚಾಗಿ ಮೇಷ್ಟರ ಕೆಲಸ. ಮಲೇಷ್ಯಾ ಸುಖೋಯ್ ಕೊಂಡಾಗ 2008ರಿಂದ ನಮ್ಮ ತಂಡ ಅಲ್ಲಿದ್ದು ಕಲಿಸಿತು. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ಮುಂಬೈಗೆ ಬಂದಾಗ ಹೊರಟ ಜಂಟಿ ಹೇಳಿಕೆಯಲ್ಲಿ, ನಮ್ಮ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್‌ಗಳು ರಾಯಲ್ ಏರ್‌ಫೋರ್ಸಿನ ತರಬೇತಿಯೊಳಗೆ ಸೇರುವ ಏರ್ಪಾಟಿನ ಮಾತಿದೆ. ಕಲಿಸುವ ಕುರ್ಚಿಯಲ್ಲಿ ಕೂತವನ ಮುಂದೆ ಯುದ್ಧದ ಪ್ರಶ್ನೆ ಏಳುವುದಿಲ್ಲ. ಜಾಣ ದಾರಿ.

ಆದರೂ ಒಬ್ಬರ ಹೆಸರು ಹೇಳದೆ ಬಿಡಲಾರೆ: ನಮ್ಮ ವಾಯುಪಡೆಯ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. 1960ರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಮಾರುತ್ ವಿಮಾನ ಕಟ್ಟುತ್ತಿದ್ದರು. ವಿಮಾನ ಚೆನ್ನಾಗಿತ್ತು, ಎಂಜಿನ್‌ಗೆ ದಮ್ಮಿರಲಿಲ್ಲ. ಅದೇ ಹೊತ್ತಿಗೆ ಈಜಿಪ್ಟಿನ ಹೆಲ್ವಾನ್‌ನಲ್ಲಿ ಇನ್ನೊಬ್ಬ ಜರ್ಮನ್, ವಿಲ್ಲಿ ಮೆಸ್ಸರ್‌ಶ್ಮಿಟ್, ಎಚ್‌ಎ-300 ಅನ್ನುವ ಫೈಟರ್ ಮಾಡುತ್ತಿದ್ದರು. ಅದಕ್ಕೆಂದು ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ರೂಪಿಸುತ್ತಿದ್ದ ಎಂಜಿನ್ ಮೇಲೆ ನಮ್ಮ ಕಣ್ಣಿತ್ತು. ಈಜಿಪ್ಟಿನವರಿಗೆ ಪಳಗಿದ ಟೆಸ್ಟ್ ಪೈಲಟ್ ಬೇಕಿತ್ತು. ಹಾಗೆ ಹೋದ ಭಾರ್ಗವ 1964ರ ಮಾರ್ಚ್ 7ರಂದು ಎಚ್‌ಎ-300ರ ಮೊಟ್ಟಮೊದಲ ಹಾರಾಟ ನಡೆಸಿದರು. ಸಿದ್ಧ ವಿಮಾನದ ಸೀಟು ಕೊಡುವುದು ಒಂದು ನಂಬಿಕೆ. ಯಾರೂ ಇನ್ನೂ ಹಾರಿಸಿರದ, ತಾವೇ ಕಟ್ಟುತ್ತಿದ್ದ ಫೈಟರನ್ನು ಪರದೇಶದವನ ಕೈಗೆ ಕೊಡುವುದು ಬೇರೆಯೇ ನಂಬಿಕೆ. ನಮ್ಮ ಒಂದು ಮಾರುತ್ ಕೂಡ ಈಜಿಪ್ಟಿಗೆ ಹೋಗಿ 1967ರಲ್ಲಿ ಆ ಎಂಜಿನ್ ಹೊತ್ತು ಹಾರಿತು. ಯೋಜನೆ 1969ರಲ್ಲಿ ಮುಚ್ಚಿತು, ಎಂಜಿನ್ ನಮಗೆ ದಕ್ಕಲಿಲ್ಲ. ಎಚ್‌ಎ-300 ವಿಮಾನಗಳಲ್ಲೊಂದು ಈಗ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ವಸ್ತುಸಂಗ್ರಹಾಲಯದಲ್ಲಿದೆ.

ಕಾಲೇಜು ಹುಡುಗರು ಕೇಳುವ ಕೊನೆಯ ಪ್ರಶ್ನೆ, "ಸಾರ್, ಇದಕ್ಕೆ ಅಪ್ಲೈ ಮಾಡೋದು ಹೇಗೆ?" ನೇರ ಅರ್ಜಿ ಅಂತ ಏನೂ ಇಲ್ಲಪ್ಪ. ಪಿಯುಸಿ ಮುಗಿಸಿ ಎನ್‌ಡಿಎ ಪರೀಕ್ಷೆ, ಇಲ್ಲವೇ ಡಿಗ್ರಿ ಮುಗಿಸಿ ವಾಯುಪಡೆಯ ಎಎಫ್‌ಕ್ಯಾಟ್ ಪ್ರವೇಶ ಪರೀಕ್ಷೆ. ಮುಂದೆ ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿ, ಫೈಟರ್ ಸಿಕ್ಕರೆ ಬೀದರ್. ಸ್ಕ್ವಾಡ್ರನ್ನಿನಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ತಾಂಬರಂನ ಇನ್‌ಸ್ಟ್ರಕ್ಟರ್ ಶಾಲೆ, ಅಥವಾ ನಮ್ಮ ಬೆಂಗಳೂರಿನದೇ ಟೆಸ್ಟ್ ಪೈಲಟ್ ಶಾಲೆ. ಹೊರದೇಶಕ್ಕೆ ಹೆಸರು ಹೋಗುವುದು ಇದೆಲ್ಲ ಆದ ನಂತರ, ಅದೂ ಮೇಲಿನವರು ಬರೆದರೆ. ಗಣಿತ, ಭೌತಶಾಸ್ತ್ರ ಬಿಡಬೇಡಿ.